ಪದ್ಮಾಬಾಯಿಯ ಸೊಕ್ಕಿನ ಚೀಟಿ

ಪಾರ್ವತಿನಗರದ ಪದ್ಮಾಬಾಯಿ ಮೂವತ್ತೊಂದು ವರ್ಷ ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತು ರೋಗಿಗಳ ಚೀಟಿ ಬರೆದರು. ಹೆಸರು, ವಯಸ್ಸು, ಊರು, ಏನು ತೊಂದರೆ. ಮೊದಲ ಮೂರನ್ನು ಯಾರು ಬೇಕಾದರೂ ಬರೆದಾರು, ನಾಲ್ಕನೆಯದಕ್ಕೆ ಪದ್ಮಾಬಾಯಿಯೇ ಬೇಕು. ರೋಗಿ ಬಾಯಲ್ಲಿ ಬಂದದ್ದನ್ನು ಬಂದ ಹಾಗೆಯೇ ಕನ್ನಡದಲ್ಲಿ ಬರೆಯಬೇಕೆಂಬುದು ಅವರ ಹಟ. ಹೊಸದಾಗಿ ಬಂದ ಡಾಕ್ಟರೊಬ್ಬರು, ಇಷ್ಟುದ್ದ ಯಾಕಮ್ಮ, ಗಿಡ್ಡಿನೆಸ್ ಅಂತ ಒಂದು ಪದ ಗೀಚಿದರೆ ಸಾಕಲ್ಲ ಎಂದರಂತೆ. ಪದ್ಮಾಬಾಯಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಯಾವ ಗಿಡ್ಡಿನೆಸ್ಸು ಡಾಕ್ಟ್ರೇ? ಈ ಮುದುಕಿಗೆ ತಲಿ ತಿರಗ್ತದ. ಆಕಿ ಹಿಂದ ನಿಂತಾಕಿಗೆ ಕಣ್ಣಿಗೆ ಕತ್ತಲಿ ಬರ್ತದ. ಅಗೋ, ಕಂಬ ಹಿಡಕೊಂಡು ನಿಂತಾನಲ್ಲ, ಅವಗ ಜೋಲಿ ಹೊಡೀತದ. ಮೂರಕ್ಕೂ ಒಂದ ಗುಳಿಗಿ ಕೊಡ್ತೀರೇನು?" ಎಂದು ಕೇಳಿದರು. ಡಾಕ್ಟರು ಒಪ್ಪಿದಂತೆ ತಲೆಯಾಡಿಸಿದರು. ಮೂವರಿಗೂ ಅವರು ಒಂದೇ ಗುಳಿಗೆ ಕೊಟ್ಟರೆಂಬುದು ಬೇರೆ ಮಾತು.

ಪದ್ಮಾಬಾಯಿ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಪುರಸೊತ್ತು ಆಗಲಿಲ್ಲ ಎನ್ನುತ್ತಾರೆ. ಅಣ್ಣನ ಮನೆಯ ಮಹಡಿಯ ಮೇಲೆ ಅವರದೊಂದು ಕೋಣೆ, ಒಂದು ಒಲೆ, ಒಂದು ತುಳಸಿ ಕುಂಡ. ಬಿಗಿಯಾಗಿ ಸುತ್ತಿದ ತುರುಬಿನಲ್ಲಿ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡಿರುತ್ತಾರೆ, ನಿವೃತ್ತಿಯಾಗಿ ಎರಡು ವರ್ಷವಾದರೂ. ಸ್ವಭಾವ ಒಳ್ಳೆಯದು. ಏಕಾದಶಿಯ ದಿನ ಮಾತ್ರ ಸ್ವಲ್ಪ ದೂರ ಇರುವುದು ಕ್ಷೇಮ. ಅವತ್ತು ಹೊಟ್ಟೆಗೆ ಏನೂ ಇಲ್ಲದ್ದರಿಂದ ನಾಲಿಗೆಗೆ ಕೆಲಸ ಜಾಸ್ತಿ.

ನಿವೃತ್ತಿಯಾದ ಮೇಲೆ ನರ್ಸಿಂಗ್ ಹೋಮಿನ ಕಡೆಯಿಂದ ಅವರನ್ನು ಹುಡುಕಿಕೊಂಡು ಬಂದ ಜೀವ ಒಂದೇ, ಸಿರುಗುಪ್ಪ ತಾಲೂಕಿನ ದೇಶನೂರಿನ ಗವಿಸಿದ್ದಪ್ಪ. ಅವನು ರೋಗಿಯೂ ಅಲ್ಲ, ನೌಕರನೂ ಅಲ್ಲ. ಊರಲ್ಲಿ ಯಾರಿಗೆ ಜ್ವರ ಬಂದರೂ ಯಾರ ಕಾಲು ಮುರಿದರೂ ಗದ್ದೆ ಬಿಟ್ಟು ಅವರನ್ನು ಬಸ್ಸು ಹತ್ತಿಸಿಕೊಂಡು ಬಳ್ಳಾರಿಗೆ ತರುವುದು ಅವನ ಖಯಾಲಿ. ಇಪ್ಪತ್ತು ವರ್ಷ ಹಾಗೆ ಬಂದು ಬಂದು, ಕೌಂಟರಿನ ಆಚೆ ನಿಂತವನು ಪದ್ಮಾಬಾಯಿಗೆ ತಮ್ಮನೇ ಆಗಿಬಿಟ್ಟ. ಈಗ ತಿಂಗಳಿಗೆರಡು ಭಾನುವಾರ ಒಂದು ಚೀಲ ಸೋನಾ ಮಸೂರಿಯನ್ನು ಹೆಗಲ ಮೇಲೆ ಹೊತ್ತು, "ಅಕ್ಕಾರ, ಅದೀರೇನು?" ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತ ಬರುತ್ತಾನೆ. ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡಿ ಪಳಗಿದ ಗಂಟಲು, ಬೀದಿಗೆಲ್ಲ ಕೇಳುತ್ತದೆ.

ಆಟ ತಂದವಳು ಅಣ್ಣನ ಮಗಳು ಭಾವನಾ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಎಂಎ ಓದುವಾಗ ಹಾಸ್ಟೆಲಿನಲ್ಲಿ ಕಲಿತ ಆಟವಂತೆ. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಬ್ಬೊಬ್ಬ ವೀರನಾಗಿ, ಈಗ ನಾನು ಇದು ಮಾಡುತ್ತೇನೆ, ಅದು ಮಾಡುತ್ತೇನೆ ಎಂದು ಬಾಯಲ್ಲಿ ಹೇಳುತ್ತಾರೆ. ಆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಭಾವನಾ ತನ್ನ ಆಟವನ್ನು ಸಂಗನಕಲ್ಲಿನ ಗುಡ್ಡದ ಮೇಲೆ ಇಟ್ಟಳು. ನಾಲ್ಕು ಸಾವಿರ ವರ್ಷದ ಹಿಂದೆ, ಕೈಯಲ್ಲಿ ಕಲ್ಲುಗೊಡಲಿ, ಎದುರಿಗೆ ಕರಡಿ, ಚಿರತೆ, ಪಕ್ಕದ ಗುಡ್ಡದ ದುಷ್ಟರು. ಆಡಲು ಮಂದಿ ಬೇಕಿತ್ತು. ಅಕ್ಕಿ ತಂದ ಗವಿಸಿದ್ದಪ್ಪ ಸಿಕ್ಕಿಬಿದ್ದ. ಎದುರು ಮನೆಯ ಕೆಳಗಿನ ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ಟರ್, ಕುರುಗೋಡಿನ ಉಚ್ಚಂಗೆಪ್ಪ, ದಾಳದ ಸದ್ದು ಕೇಳಿ ತಾನಾಗಿಯೇ ಮೆಟ್ಟಿಲು ಹತ್ತಿ ಬಂದ. ಕಥೆ ನಡೆಸುವ ಕೆಲಸ ಪದ್ಮಾಬಾಯಿಗೆ ಬಂತು, ಯಾಕೆಂದರೆ ಅವರಿಗೆ ಬೇರೆಯವರು ಹೇಳಿದಂತೆ ಕೇಳುವ ಅಭ್ಯಾಸ ಇರಲಿಲ್ಲ.

ತೊಡಕು ಎದ್ದದ್ದು ಹೆಸರುಗಳಲ್ಲಿ. ಈ ಆಟದಲ್ಲಿ ಏಟು ಬಿದ್ದವನಿಗೆ ಗಾಯ ಆಗುವುದಷ್ಟೇ ಅಲ್ಲ, ಮತ್ತೇನೋ ಒಂದು ಅವಸ್ಥೆಯೂ ಆಗುತ್ತದೆ. ಕಣ್ಣು ಕಾಣದಂತಾಗಬಹುದು, ಹೆದರಿ ನಿಂತುಬಿಡಬಹುದು. ಆ ಅವಸ್ಥೆಯ ಹೆಸರು ಬರೆದ ಚೀಟಿಯನ್ನು ಅವನ ಮುಂದೆ ಇಡುತ್ತಾರೆ. ಇಂಗ್ಲಿಷಿನಲ್ಲಿ ಇದ್ದ ಪಟ್ಟಿಯನ್ನು ಭಾವನಾ ಒಂದು ವಾರ ನಿದ್ದೆಗೆಟ್ಟು ಕನ್ನಡಕ್ಕೆ ತಂದಳು. ಮೊದಲ ದಿನವೇ ಗವಿಸಿದ್ದಪ್ಪನ ವೀರನಿಗೆ ಚಿರತೆ ಪಂಜದಿಂದ ಬಡಿಯಿತು. ಭಾವನಾ ಗಂಭೀರವಾಗಿ, "ಕಾಕಾ, ನಿಮ್ಮ ವೀರ ಈಗ ಸ್ತಂಭೀಭೂತ" ಎಂದಳು.

ಗವಿಸಿದ್ದಪ್ಪ ಆಚೆ ಈಚೆ ನೋಡಿದ. "ಚಿರತಿ ಬಂದಿದ್ದು ನೋಡಿದ್ನಿ ತಾಯಿ. ಈ ಭೂತ ಯಾವಾಗ ಬಂತು?"

ಮುಂದಿನ ಚೀಟಿ "ಭಯಗ್ರಸ್ತ". ಅದನ್ನು ಓದಿ ಉಚ್ಚಂಗೆಪ್ಪ, ಇದು ಗ್ರಹಣ ಹಿಡಿದಾಗಿನದ್ದೇ ಎಂದು ಕೇಳಿದ. ಪದ್ಮಾಬಾಯಿ ಪಟ್ಟಿಯನ್ನು ಅತ್ತೆಯ ಅಧಿಕಾರದಿಂದ ಕಿತ್ತುಕೊಂಡು, ತುರುಬಿನ ಪೆನ್ನು ತೆಗೆದು, ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದರು.

"ಇದು ನಂಗ ಬಿಡು. ಮೂವತ್ತೊಂದು ವರ್ಷ ಇದನ್ನ ಬರದೀನಿ" ಎಂದರು.

ಅಂದು ಮಧ್ಯಾಹ್ನ, ತಿನ್ನಲು ತಂದ ಒಗ್ಗರಣಿ ಮಿರ್ಚಿಯ ಪೊಟ್ಟಣ ಆರಿ ತಣ್ಣಗಾಗುವವರೆಗೆ, ಬರೆದರು. ಕೈಗೆ ಜೋಮು ಹಿಡಿದದ್ದು. ಮಂಕು ಕವಿದದ್ದು. ನಂಜು ಏರಿದ್ದು. ಬಾಯಿ ಕಟ್ಟಿದ್ದು. ಕಾಲು ಉಳುಕಿದ್ದು. ದೃಷ್ಟಿ ಆದದ್ದು. ಒಂದೊಂದನ್ನೂ ಬರೆಯುವಾಗ ಅವರ ಕಣ್ಣೆದುರು ಒಬ್ಬೊಬ್ಬ ಮನುಷ್ಯ ಬಂದು ನಿಲ್ಲುತ್ತಿದ್ದ, ಸೊಂಟ ಹಿಡಿದುಕೊಂಡೋ, ತಲೆಗೆ ಟವೆಲ್ಲು ಸುತ್ತಿಕೊಂಡೋ. ಹೆಸರೇನೋ ಸಿಕ್ಕಿತು. ಆದರೆ ಯಾವುದು ಎಷ್ಟು ಹೊತ್ತು ಇರಬೇಕು, ಹೇಗೆ ಹೋಗಬೇಕು? ಇಂಗ್ಲಿಷ್ ಪುಸ್ತಕದಲ್ಲಿ ಒಂದೊಂದಕ್ಕೂ ಒಂದೊಂದು ಲೆಕ್ಕವಿತ್ತು, ಯಾರ ತಲೆಯಲ್ಲೂ ನಿಲ್ಲುತ್ತಿರಲಿಲ್ಲ.

ಆಗ ಗವಿಸಿದ್ದಪ್ಪ ತನ್ನ ಮುಂದಿನ ಚೀಟಿಯನ್ನು ಎತ್ತಿ ಹಿಡಿದು, "ಅಕ್ಕಾರ, ನಂಜು ಏರೈತಿ ಅಂತ ಬರದೀರಿ. ಇಳಿಯೂದು ಯಾವಾಗ?" ಎಂದು ಕೇಳಿದ.

ಪದ್ಮಾಬಾಯಿ ಪೆನ್ನು ಕೆಳಗಿಟ್ಟರು. ಅವನು ಏನು ಹೇಳಿದ ಎಂಬುದು ಅವನಿಗೇ ಗೊತ್ತಿರಲಿಲ್ಲ. ಏರಿದ್ದು ಇಳಿಯುತ್ತದೆ. ಹಿಡಿದದ್ದು ಬಿಡುತ್ತದೆ. ಕವಿದದ್ದು ಸರಿಯುತ್ತದೆ. ಕಟ್ಟಿದ್ದನ್ನು ಬಿಚ್ಚಬೇಕು, ಉಳುಕನ್ನು ತೆಗೆಯಬೇಕು, ದೃಷ್ಟಿಯನ್ನು ನಿವಾಳಿಸಬೇಕು. ಬಂದ ಹಾದಿಯ ಮಾತಿನಲ್ಲೇ ಹೋಗುವ ಹಾದಿಯೂ ಇದೆ! ತಾನಾಗಿ ಇಳಿಯುವಂಥದ್ದಕ್ಕೆ ಎರಡು ಸರದಿ ಕಾದರೆ ಸಾಕು. ತೆಗೆಯಬೇಕಾದ್ದಕ್ಕೆ ಪಕ್ಕದವನು ತನ್ನ ಸರದಿ ಬಿಟ್ಟು ಬಂದು ಕೈ ಹಾಕಬೇಕು. ಲೆಕ್ಕ ಬರೆದಿಡುವ ಗೋಜೇ ಇಲ್ಲ, ಕನ್ನಡ ಬಲ್ಲವನಿಗೆ ನಿಯಮವೂ ಗೊತ್ತು. ಭಾವನಾ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ, ಬೆವರಿದೀನಿ ದೂರ ಸರಿ, ಎಂದು ಗದರಿದರೂ ಮುಖವೆಲ್ಲ ನಗುವಾಗಿತ್ತು.

ಹೆಮ್ಮೆ ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ಇಲ್ಲದ ಒಂದು ಅವಸ್ಥೆಯನ್ನು ಪದ್ಮಾಬಾಯಿ ತಾವೇ ಹುಟ್ಟಿಸಿದರು. "ಎಲ್ಲಾ ರೋಗ ಸೋತವಗ ಯಾಕ? ಗೆದ್ದವಗೂ ಒಂದು ರೋಗ ಬರ್ತದ" ಎಂದು ಹೇಳಿ ಬರೆದ ಆ ಚೀಟಿಯ ಹೆಸರು ಸೊಕ್ಕು. ಸತತ ಎರಡು ಏಟು ಭರ್ಜರಿಯಾಗಿ ಬಿದ್ದರೆ ಹೊಡೆದವನಿಗೆ ಸೊಕ್ಕು ಏರುತ್ತದೆ. ಅವನ ಹೊಡೆತದ ಬಲ ಜಾಸ್ತಿ, ಆದರೆ ತನ್ನ ಕಾಲ ಕೆಳಗಿನ ಕಲ್ಲು ಅವನಿಗೆ ಕಾಣುವುದಿಲ್ಲ. ಬೀಳುವ ಮೊದಲು ಜೊತೆಯವರಲ್ಲಿ ಯಾರಾದರೂ "ನಾ ಇಳಸ್ತೀನಿ" ಎಂದು ದಾಳ ಉರುಳಿಸಿ ಅವನನ್ನು ಕಾಪಾಡಬೇಕು. ಎಲ್ಲ ಚೀಟಿಗಿಂತ ಇದೇ ಎಲ್ಲರಿಗೂ ಪ್ರಿಯವಾಯಿತು. ಸರದಿಯ ಮೇಲೆ ಎಲ್ಲರಿಗೂ ಸೊಕ್ಕು ಏರಿತು, ಎಲ್ಲರದ್ದನ್ನೂ ಎಲ್ಲರೂ ಇಳಿಸಿದರು. ಆರು ತಿಂಗಳಲ್ಲಿ, ಆ ಕೋಣೆಯ ಹೊರಗೆ ಸೊಕ್ಕು ಇಳಿಸುತ್ತೇನೆ ಎಂಬುದು ಹೊಡೆದಾಟದ ಮಾತು ಎನ್ನುವುದೇ ನಾಲ್ವರಿಗೂ ಮರೆತುಹೋಯಿತು.

ನೆನಪಾದದ್ದು ಒಂದು ಏಕಾದಶಿಯ ಭಾನುವಾರ. ಗವಿಸಿದ್ದಪ್ಪನ ಮಗಳು ಐಶ್ವರ್ಯಳಿಗೆ ಕುರುಗೋಡಿನಲ್ಲಿ ಗಂಡು ಗೊತ್ತಾಗಿತ್ತು. ಗಂಡಿನ ತಂದೆ ಪ್ರಭುಲಿಂಗ ಜವಳಿ ನೋಡಲು ಬಳ್ಳಾರಿಗೆ ಬಂದಿದ್ದರು. ಗವಿಸಿದ್ದಪ್ಪ ಹೊಸ ಬೀಗರಿಗೆ ತನ್ನ ಪಟ್ಟಣದ ಅಕ್ಕನನ್ನು ತೋರಿಸಬೇಕೆಂಬ ಉಮೇದಿನಲ್ಲಿ ಕರೆದುಕೊಂಡೇ ಮೆಟ್ಟಿಲು ಹತ್ತಿದ. ಪ್ರಭುಲಿಂಗ ಮಡಿಕೆ ಮುರಿಯದ ಬಿಳಿ ಪಂಚೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೆಟ್ಟಗೆ ಕೂತರು. ಐವತ್ತು ದಾಟಿದವರು ದಾಳ ಹಿಡಿದು ಕರಡಿಯ ಮೇಲೆ ಕೂಗಾಡುವುದನ್ನು ಅವರು ಯಾವ ಊರಿನಲ್ಲೂ ಕಂಡಿರಲಿಲ್ಲ.

ಬೀಗರ ಎದುರಿಗೆ ಗವಿಸಿದ್ದಪ್ಪನ ದಾಳಕ್ಕೆ ಜೀವ ಬಂತು. ಮೊದಲು ಇಪ್ಪತ್ತು ಬಿತ್ತು, ಮತ್ತೆ ಹತ್ತೊಂಬತ್ತು. ಪದ್ಮಾಬಾಯಿ ಪ್ರತಿ ಸಲವೂ ಅವನ ವೀರನ ಹೆಸರು ಹಿಡಿದೇ ಹೇಳುವವರು, ಕರಿಗುಂಡನಿಗೆ ಹೀಗಾಯಿತು, ಕರಿಗುಂಡನಿಗೆ ಹಾಗಾಯಿತು ಎಂದು. ಅವತ್ತು ಹಸಿದ ಹೊಟ್ಟೆಯಲ್ಲಿ ಆ ಹೆಸರು ಹೊಳೆಯಲಿಲ್ಲ. ಚೀಟಿಯನ್ನು ಟಪ್ಪೆಂದು ಮೇಜಿನ ಮೇಲೆ ಬಡಿದು, "ಗವಿಸಿದ್ದಪ್ಪಗ ಸೊಕ್ಕು ಏರೇದ! ಯಾರು ಇಳಸ್ತೀರಿ?" ಎಂದು ಕೂಗಿದರು.

ಉಚ್ಚಂಗೆಪ್ಪ ತೋಳು ಮಡಿಸಿ ಎದ್ದ. "ನಾ ಇಳಸ್ತೀನ್ರಿ ಮೇಡಂ! ಎರಡು ವಾರದಿಂದ ಕಾದೀನಿ!"

ಪ್ರಭುಲಿಂಗರೂ ಎದ್ದರು. "ಏನ್ರಿ ಬೀಗರ, ಸೊಕ್ಕು ಇಳಿಸಿಕೊಳ್ಳಾಕ ನನ್ನ ಕರಕೊಂಡು ಬಂದೀರೇನು?"

ಗವಿಸಿದ್ದಪ್ಪನ ಮುಖ ಕೆಂಪಾಯಿತು. ಹೆಣ್ಣು ಕೊಡುವವನು ಬೀಗರ ಮುಂದೆ ಹೇಗೆ ನಿಂತಿರುತ್ತಾನೆಂದು ಎಲ್ಲರಿಗೂ ಗೊತ್ತು. ಅವನು ಪದ್ಮಾಬಾಯಿಯತ್ತ ನೋಡಿದ. ಇದು ಆಟದ ಮಾತು, ಗವಿಸಿದ್ದಪ್ಪ ಅಂಥವನಲ್ಲ, ನಮ್ಮ ತಮ್ಮ ಇದ್ದ ಹಾಗೆ, ಎಂದು ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಪದ್ಮಾಬಾಯಿಗೆ ತಮ್ಮ ನಿಯಮವನ್ನು ಒಬ್ಬ ಹೊಸಬ ಪ್ರಶ್ನಿಸಿದ್ದೇ ದೊಡ್ಡದಾಗಿ ಕಂಡಿತು. "ನಿಯಮ ಅಂದ್ರ ನಿಯಮರಿ. ಏರಿದ್ದು ಇಳೀಲಿಕ್ಕೇ ಬೇಕು, ಯಾರದ್ದೇ ಇರಲಿ" ಎಂದುಬಿಟ್ಟರು.

ಗವಿಸಿದ್ದಪ್ಪ ದಾಳವನ್ನು ಮೇಜಿನ ಮೇಲಿಟ್ಟು, ಬೀಗರ ಹಿಂದೆ ಮೆಟ್ಟಿಲಿಳಿದ. ಹೋಗಿ ಬರ್ತೀನಿ ಅಕ್ಕಾರ ಎನ್ನಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಬರಬೇಕಿದ್ದ ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಪದ್ಮಾಬಾಯಿ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಐಶ್ವರ್ಯ ಎತ್ತಿ, "ಅಪ್ಪ ಗದ್ದಿಗೆ ಹೋಗ್ಯಾರ್ರಿ" ಎಂದಳು. ಮೂರನೆಯ ಸಲ ಹಿಂದಿನಿಂದ ಅಪ್ಪನ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು, ಬಯಲಾಟದ ಗಂಟಲಿನ ಕೆಮ್ಮು. ಹುಡುಗಿ ನಾಚಿ ಫೋನು ಇಟ್ಟಳು.

ಪದ್ಮಾಬಾಯಿಗೆ ಮೊದಲು ಸಿಟ್ಟು ಬಂತು. ಆಟದಲ್ಲಿ ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದೆಂದರೇನು? ಭಾವನಾ ಮೆಲ್ಲಗೆ, ಅತ್ಯಾ, ಆ ಚೀಟಿಗೆ ಹುರುಪು ಅಂತ ಹೆಸರಿಡೋಣೇನು, ಅದೂ ಏರ್ತದ ಇಳೀತದ, ಯಾರಿಗೂ ಬೇಜಾರಾಗೂದಿಲ್ಲ, ಎಂದಳು. "ಹುರುಪಿನಾಗ ಕಾಲ ಕೆಳಗಿನ ಕಲ್ಲು ಕಾಣ್ತದ. ಸೊಕ್ಕಿನಾಗ ಕಾಣೂದಿಲ್ಲ. ಪದ ಸರೀನೇ ಅದ" ಎಂದು ಅತ್ತೆ ಬಾಗಿಲು ಹಾಕಿಕೊಂಡರು. ಪದ ಸರಿಯಾಗಿಯೇ ಇತ್ತು. ಆ ಚೀಟಿ ಯಾರ ಮುಂದೆ ಇರಬೇಕಿತ್ತು ಎನ್ನುವುದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಯಾವ ಹೆಜ್ಜೆಯಾದರೂ ಸರಿ, ಅವರು ಒಲೆಯ ಉರಿಯನ್ನು ಸಣ್ಣ ಮಾಡಿ ಕಿವಿ ಕೊಡುತ್ತಿದ್ದರು. ಹಾಲಿನವನೋ, ಉಚ್ಚಂಗೆಪ್ಪನೋ. ಗವಿಸಿದ್ದಪ್ಪನಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು, ಅದನ್ನು ಯಾರೆದುರೂ ಹೇಳುವಂತಿರಲಿಲ್ಲ.

ಐದನೆಯ ವಾರ ಭಾವನಾ ಒಂದು ಪ್ರಶ್ನೆ ತಂದಳು. ಕಥೆಯಲ್ಲಿ ವೀರರು ಗುಡ್ಡದ ಅರ್ಧದಲ್ಲಿ ನಿಂತಿದ್ದಾರೆ. ಆಡುವವನು ಇಲ್ಲದ ಕರಿಗುಂಡನನ್ನು ಏನು ಮಾಡುವುದು? ಅವನ ಮುಂದೆ ಯಾವ ಚೀಟಿ ಇಡುವುದು?

"ಯಾವ ಚೀಟಿ ಅಂದ್ರ? ಮಾತು ಬಿಟ್ಟಾನ" ಎಂದರು ಪದ್ಮಾಬಾಯಿ. ಅಂದದ್ದೇ ತಡ, ಪೆನ್ನು ಕೈಗೆ ಬಂತು. ಹೊಸ ಚೀಟಿಯ ಮೇಲೆ ಮಾತು ಬಿಟ್ಟದ್ದು ಎಂದು ಬರೆದರು. ಕೆಳಗೆ ಎಂದಿನಂತೆ, ಹೋಗುವುದು ಹೇಗೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಬಿಟ್ಟದ್ದನ್ನು ಹಿಡಿಯಬೇಕೆ? ಮಾತು ಹಿಡಿದ ಎಂದು ಯಾರೂ ಅನ್ನುವುದಿಲ್ಲ. ತಾನಾಗಿ ಸರಿಹೋಗುತ್ತದೆಯೇ? ದಾಯಾದಿಗಳಲ್ಲಿ ಎರಡು ತಲೆಮಾರು ಸರಿಹೋಗದೇ ಇದ್ದದ್ದನ್ನು ಅವರು ಕಂಡಿದ್ದರು.

ಉಚ್ಚಂಗೆಪ್ಪ ಮಿರ್ಚಿ ಕಡಿಯುತ್ತ, ಇದೆಂಥ ಯೋಚನೆ ಎನ್ನುವಂತೆ, "ಮಾತಾಡಿಸಬೇಕ್ರಿ ಮೇಡಂ. ಇನ್ನೇನೈತಿ?" ಎಂದ.

"ಯಾರು?"

"ಯಾರ ಕೂಡ ಬಿಟ್ಟಾನೋ ಅವರ. ನಾ ಮಾತಾಡಿಸಿದ್ರ ನಡೀತೈತೇನು? ನನ್ನ ಕೂಡ ದಿನಾ ಫೋನಿನ್ಯಾಗ ಮಾತಾಡ್ತಾನ."

ಆ ಕೊನೆಯ ಮಾತು ಪದ್ಮಾಬಾಯಿಗೆ ಚುರ್ ಎಂದಿತು. ದೃಷ್ಟಿಯನ್ನು ಯಾರು ಬೇಕಾದರೂ ತೆಗೆದಾರು, ಉಳುಕನ್ನು ಪಕ್ಕದ ಮನೆಯವಳೂ ತೆಗೆದಾಳು. ಇದೊಂದಕ್ಕೆ ಒಬ್ಬರೇ ವೈದ್ಯರು. ಅವರು ಚೀಟಿಯ ಮೇಲೆ "ಮಾತಾಡಿಸಬೇಕು" ಎಂದು ಬರೆದು ಮುಗಿಸಿ, "ಆ ಪ್ರಭುಲಿಂಗ ದೇಶನೂರಿಗೆ ಯಾವಾಗ ಹೋಗ್ತಾರ, ನಿಂಗ ಗೊತ್ತದೇನು?" ಎಂದು ಕೇಳಿದರು. ಗುರುವಾರ, ಲಗ್ನಪತ್ರಿಕೆ ಬರೆಸಾಕ, ಎಂದ ಉಚ್ಚಂಗೆಪ್ಪ. ಕುರುಗೋಡಿನ ಸುದ್ದಿಯೆಲ್ಲ ಅವನ ಕತ್ತರಿಯ ಕೆಳಗೇ ಹಾದುಹೋಗುತ್ತಿತ್ತು.

ಗುರುವಾರ ಪದ್ಮಾಬಾಯಿ ಬೆಳಿಗ್ಗೆಯೇ ಸಿರುಗುಪ್ಪದ ಬಸ್ಸು ಹತ್ತಿದರು. ಅಲ್ಲಿ ಇಳಿದು ಇನ್ನೊಂದು ಬಸ್ಸು. ಕಾಲುವೆಯ ಎರಡೂ ಕಡೆ ಕೊಯ್ದ ಗದ್ದೆ, ರಸ್ತೆಯ ಅರ್ಧಕ್ಕೆ ಹರವಿದ ಭತ್ತ, ಡ್ರೈವರನ ಬೈಗುಳ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸುತ್ತ ಬಂದರು. ದೇಶನೂರಿನಲ್ಲಿ ಇಳಿದಾಗ ಜೋಡಿಸಿದ್ದರಲ್ಲಿ ಒಂದೂ ನೆನಪಿರಲಿಲ್ಲ. ಅವರಿಗೆ ನಿಜವಾಗಿಯೂ ಭಯವಾಗಿತ್ತು. ಅವನು ಎದ್ದು ಒಳಗೆ ಹೋಗಿಬಿಟ್ಟರೆ?

ಗವಿಸಿದ್ದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಬೀಗರೊಂದಿಗೆ ಲಗ್ನಪತ್ರಿಕೆಯ ಹಾಳೆ ಹಿಡಿದು ಕೂತಿದ್ದ. ಪದ್ಮಾಬಾಯಿಯನ್ನು ಕಂಡ. ಕಂಡು, ಹಾಳೆಯಲ್ಲಿ ಮತ್ತೆ ಮುಖ ಹುದುಗಿಸಿದ.

"ಊಟ ಆತೇನಪಾ ಗವಿಸಿದ್ದಪ್ಪ?"

ಅವನ ಬೆರಳು ಹಾಳೆಯ ಸಾಲು ಹಿಡಿದು ಮುಂದೆ ಸರಿಯಿತು.

"ಗವಿಸಿದ್ದಪ್ಪ, ಊಟ ಆತೇನು?"

ಅವನು ಹಾಳೆಯನ್ನು ತಿರುಗಿಸಿದ. ಹಿಂಬದಿ ಖಾಲಿ ಇತ್ತು, ಅದನ್ನೇ ಓದತೊಡಗಿದ. ಪ್ರಭುಲಿಂಗ ಮಾತ್ರ ಕತ್ತೆತ್ತಿ, "ಸೊಕ್ಕು ಇಳಿಸೋರು ಇವರ ಅಲ್ಲೇನು?" ಎಂದರು.

"ಹೌದ್ರಿ, ನಾನಽ" ಎಂದರು ಪದ್ಮಾಬಾಯಿ. ನಿಂತಲ್ಲಿಂದಲೇ, ಪ್ರಭುಲಿಂಗರಿಗೆ, ಆ ಆಟ ಎಂಥದ್ದು, ಗೆದ್ದವನಿಗೆ ಬರುವ ರೋಗ ಯಾವುದು, ಜೊತೆಯವರು ಇಳಿಸುವುದು ಅವನನ್ನು ಉಳಿಸಲಿಕ್ಕೆಂದು, ಎಲ್ಲವನ್ನೂ ಹೇಳಿದರು. ಐದು ವಾರದ ಹಿಂದೆ ಎರಡು ಮಾತಿನಲ್ಲಿ ಮುಗಿಯಬೇಕಿದ್ದದ್ದು ಇವತ್ತು ಹತ್ತು ನಿಮಿಷ ಹಿಡಿಯಿತು. ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ಬಂದ ಐಶ್ವರ್ಯ ಅಲ್ಲೇ ನಿಂತಳು.

ಆಮೇಲೆ ಪದ್ಮಾಬಾಯಿ ಕೈಚೀಲದಿಂದ ಸೊಕ್ಕಿನ ಚೀಟಿ ತೆಗೆದರು. ಕಟ್ಟೆಯ ಮೇಲೆ, ಗವಿಸಿದ್ದಪ್ಪನ ಮುಂದಲ್ಲ, ತಮ್ಮ ಮುಂದೆ ಇಟ್ಟುಕೊಂಡರು.

"ಅವತ್ತು ಇದನ್ನ ತಪ್ಪಿ ನಿನ್ನ ಮುಂದ ಇಟ್ಟೆ. ಒಂದು ಮಾತು ಹೇಳಿದ್ರ ನಿನ್ನ ಮರ್ಯಾದಿ ಉಳೀತಿತ್ತು, ನಾ ಹೇಳಲಿಲ್ಲ. ನಿಯಮ ಅಂದೆ." ಅವರು ಸೆರಗು ಸರಿಮಾಡಿಕೊಂಡು, ಬೀದಿಗೆ ಕೇಳುವಂತೆ ಹೇಳಿದರು: "ಸೊಕ್ಕು ಏರಿದ್ದು ನನಗ. ಯಾರು ಇಳಸ್ತೀರಿ?"

ಪ್ರಭುಲಿಂಗ ಬೀಗರ ಕಡೆ ನೋಡಿದರು. ಗವಿಸಿದ್ದಪ್ಪ ಹಾಳೆಯನ್ನು ಮಡಿಸಿದ, ಇನ್ನೊಮ್ಮೆ ಮಡಿಸಿದ, ಜೇಬಿಗಿಟ್ಟುಕೊಂಡು ಎದ್ದ. ಮಗಳ ಕೈಯಿಂದ ಚೊಂಬು ಇಸಿದುಕೊಂಡು ತಂದು ಪದ್ಮಾಬಾಯಿಯ ಕೈಗೆ ಕೊಟ್ಟ.

"ಅದನ್ನ ಇಳಸೂದೇನೈತ್ರಿ ಅಕ್ಕಾರ" ಎಂದ. "ನೀವು ಬಸ್ ಇಳದಾಗ್ಲೇ ಅದೂ ಇಳದೈತಿ. ನಂದು ಇಳಿಯಾಕ ನೋಡ್ರಿ, ಐದು ವಾರ ಬೇಕಾತು."